ಅಕ್ಕೋರ ಎಂಜಿನ್ನು ಎಲ್ಲಿಗೆ ಬಂತು?

ಕೆಲವರು ಕೈಯಿಟ್ಟ ಕೆಲಸ ಸದ್ದಿಲ್ಲದೆ ಮುಗಿದುಹೋಗುತ್ತದೆ. ನಾನು ಕೈಯಿಟ್ಟ ಕೆಲಸವೂ ಮುಗಿಯುತ್ತದೆ, ಆದರೆ ಅದಕ್ಕೆ ಮೊದಲು ಊರೆಲ್ಲ ಕೂತು ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಇದು ನನ್ನ ಜಾತಕದಲ್ಲೇ ಇದೆ ಎಂದು ನಮ್ಮನೆಯವರು ಹೇಳುತ್ತಾರೆ. ಜಾತಕ ನೋಡಿಯೇ ಮದುವೆಯಾದವರು ಅವರು, ಹಾಗಾಗಿ ದೂರುವ ಹಕ್ಕು ಅವರಿಗಿಲ್ಲ.

ಮೈಕು ಸಿಕ್ಕಿದ ದಿನ

ನಾನು ಸಿದ್ದಾಪುರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತಿದ್ದವಳು. ನಮ್ಮ ಕಡೆ ಹೆಂಗಸು ಟೀಚರಾದರೆ ಊರಿಗೆಲ್ಲ ಅಕ್ಕೋರು. ಕೆಲಸದಿಂದ ನಿವೃತ್ತಿಯಾದರೂ ಆ ಹೆಸರಿನಿಂದ ನಿವೃತ್ತಿಯಿಲ್ಲ.

ಪ್ರತಿ ವರ್ಷ ಬೋರ್ಡಿನ ಮೇಲೆ ಉಗಿಯಂತ್ರದ ಚಿತ್ರ ಬರೆಯುತ್ತಿದ್ದೆ. ಇದು ನೀರು ಕಾಯುವ ಬಾಯ್ಲರ್, ಇದು ಉಗಿ ಹೋಗುವ ಕೊಳವೆ, ಇದು ಸಿಲಿಂಡರ್, ಒಳಗೆ ಪಿಸ್ಟನ್, ಹೊರಗೆ ಚಕ್ರ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದೇ ಪ್ರಶ್ನೆ ಬರುತ್ತಿತ್ತು.

"ಅಕ್ಕೋರೆ, ಇದು ನಿಜವಾಗ್ಲೂ ತಿರುಗ್ತದಾ?"

"ತಿರುಗುತ್ತದೆ" ಅನ್ನುತ್ತಿದ್ದೆ. ತಿರುಗಿದ್ದನ್ನು ನಾನೂ ಕಂಡವಳಲ್ಲ. ರೈಲೇ ಬಾರದ ಊರು ನಮ್ಮದು. ತಾಳಗುಪ್ಪದವರೆಗೆ ಬಂದ ರೈಲು ಮುಂದೆ ಸಿದ್ದಾಪುರಕ್ಕೆ ಬರುತ್ತದೆಂದು ನನ್ನ ಅಜ್ಜ ಕಾದ, ಅಪ್ಪ ಕಾದ, ಈಗ ನಾನು ಕಾಯುತ್ತಿದ್ದೇನೆ.

ಬೀಳ್ಕೊಡುಗೆಯ ದಿನ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಕೈಗೆ ಮೈಕು ಕೊಟ್ಟರು. ಮಕ್ಕಳ ಮುಖ ನೋಡಿದೆ. ಅಳುವುದನ್ನು ತಪ್ಪಿಸಲು ಏನಾದರೂ ಮಾತಾಡಬೇಕಿತ್ತು, ಬಾಯಿಗೆ ಬಂದದ್ದು ಇದು: "ಬೋರ್ಡಿನ ಮೇಲೆ ಬರೆದು ತೋರಿಸಿದ ಉಗಿಯಂತ್ರವನ್ನು ನಾನೇ ನನ್ನ ಕೈಯಾರೆ ಮಾಡಿ, ಇದೇ ಸಭಾಂಗಣದಲ್ಲಿ ನಿಮ್ಮೆದುರು ತಿರುಗಿಸಿ ತೋರಿಸುತ್ತೇನೆ." ಚಪ್ಪಾಳೆಯೋ ಚಪ್ಪಾಳೆ. ಮಾತು ಆಡಿಯಾಗಿತ್ತು, ಇಡೀ ಶಾಲೆ ಕೇಳಿಯಾಗಿತ್ತು.

ನಮ್ಮನೆಯವರು ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪರಮ ಸಾಧು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಜಗಲಿಗೆ ಹೋಗಿ ನಿಲ್ಲುವ ಪೈಕಿ. ಅವತ್ತು ಹಣ್ಣಿನ ಬುಟ್ಟಿ ಹಿಡಿದು ನನ್ನ ಪಕ್ಕದಲ್ಲೇ ನಡೆದು ಬಂದರು. ಮನೆ ಬಾಗಿಲಲ್ಲಿ ಬುಟ್ಟಿ ಇಳಿಸಿ, "ಅಲ್ದೇ, ರಿಟೈರ್ ಆದವೆಲ್ಲ ಮೊಮ್ಮಕ್ಕಳ ಜೊತೆ ಇರ್ತ ಹೇಳ್ತ. ನಿಂಗೆ ಬಾಯ್ಲರ್ರೇ ಬೇಕಾತು. ಮೊಮ್ಮಕ್ಕ ಆದ್ರೆ ಒಡೆದು ಹೋಗ್ತ್ವಿಲ್ಲೆ" ಅಂದರು.

ಕಾಯಿ ಹೆರೆಯುವ ಮಷಿನ್ನು

ಯಲ್ಲಾಪುರದಲ್ಲಿ ಒಬ್ಬರು ತಮ್ಮ ವರ್ಕ್‌ಶಾಪ್ ಮುಚ್ಚುತ್ತಾರೆಂದು ಅಲ್ಲೇ ಇರುವ ಅಳಿಯ ಫೋನ್ ಮಾಡಿದ. ಅವರಲ್ಲಿ ಮೇಜಿನ ಮೇಲೆ ಇಡುವಂಥ ಪುಟ್ಟ ಲೇತ್ ಮಷಿನ್ನು ಇತ್ತು. ಲೋಹದ ತುಂಡನ್ನು ಕಚ್ಚಿ ಹಿಡಿದು ಗರಗರ ತಿರುಗಿಸುತ್ತದೆ, ನಾವು ಉಳಿ ಹಿಡಿದು ಬೇಕಾದ ಆಕಾರಕ್ಕೆ ಹೆರೆದುಕೊಳ್ಳಬೇಕು. ಅದನ್ನು ತಂದು ಬಚ್ಚಲುಮನೆ ಪಕ್ಕದ ಕಟ್ಟಿಗೆ ಕೋಣೆಯಲ್ಲಿ ಕೂರಿಸಿದೆವು. ಸ್ನಾನದ ನೀರಿಗೆ ಸೋಲಾರ್ ಬಂದ ಮೇಲೆ ಆ ಕೋಣೆಯಲ್ಲಿ ಜೇಡ ಬಿಟ್ಟರೆ ಬೇರೆ ಸಂಸಾರ ಇರಲಿಲ್ಲ.

ಮೊದಲ ದಿನ ಸ್ವಿಚ್ ಹಾಕಿ ನೋಡುತ್ತಿದ್ದೆ. ಪಕ್ಕದ ಮನೆ ಅಕ್ಕ ಕಂಪೌಂಡಿನ ಮೇಲಿಂದ ಇಣುಕಿದಳು.

"ಎಂತದೇ ತಂಗಿ ಅದು, ಗರಗರ ಹೇಳಿ ಶಬ್ದ ಬತ್ತು?"

"ಲೇತು ಅಕ್ಕಾ. ಹೆರೆಯೋ ಮಷಿನ್ನು."

ಅಷ್ಟು ಸಾಕಾಯಿತು. ಮಾರನೆ ದಿನ ಬೆಳಗ್ಗೆ ಅಕ್ಕ ಬುಟ್ಟಿ ತುಂಬ ಒಡೆದ ತೆಂಗಿನಕಾಯಿ ಹೊತ್ತು ಬಂದಳು. ಅವಳ ಮಾವನ ತಿಥಿ. ಊಟಕ್ಕೆ ಜನ ಬಹಳ, ಕಾಯಿ ಹೆರೆದು ಕೊಡುವ ಹೆಂಗಸು ಕೈ ಕೊಟ್ಟಿದ್ದಾಳೆ, ಹೊತ್ತು ಬೇರೆ ಏರುತ್ತಿದೆ. "ನಿಂಗೆ ದೇವರೇ ಈ ಮಷಿನ್ ಕಳಿಸಿದ್ದ" ಅಂದಳು.

ಇದು ಲೋಹಕ್ಕೆ, ಕಾಯಿಗಲ್ಲ ಎಂದು ಹೇಳಬಹುದಿತ್ತು. ಆದರೆ ತಿಥಿಯ ಅಡುಗೆಗೆ ಬಂದ ಕಾಯಿಯನ್ನು ಇಲ್ಲವೆಂದು ವಾಪಸು ಕಳಿಸುವ ಧೈರ್ಯ ನನಗೆ ಬರಲಿಲ್ಲ. ಮಷಿನ್ನನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದೆ. ಅಡುಗೆಮನೆಯ ಹೆರೆಮಣೆಯಿಂದ ಹಲ್ಲಿನ ಭಾಗ ಬಿಚ್ಚಿ ತಂದು ಲೇತಿನ ಬಾಯಿಗೆ ಸಿಗಿಸಿದೆ. ಸ್ವಿಚ್ ಹಾಕಿದ್ದೇ ತಡ, ಕಾಯಿತುರಿ ಪಾತ್ರೆಗೆ ಕೊಂಚ ಬಿತ್ತು, ಗೋಡೆಗೆ ಬಹಳ ಬಿತ್ತು, ನೋಡಲು ಬಂದಿದ್ದ ನಮ್ಮನೆಯವರ ಕನ್ನಡಕಕ್ಕೂ ಬಿತ್ತು. ಆಮೇಲೆ ಸುತ್ತ ಪಂಚೆ ಕಟ್ಟಿ ಮರೆ ಮಾಡಿಕೊಂಡೆವು. ಒಟ್ಟಿನಲ್ಲಿ ತಿಥಿ ಸಾಂಗವಾಗಿ ನಡೆಯಿತು.

ಉಗಿಯಂತ್ರ ಮಾಡಲು ತಂದ ಲೇತಿನ ಚೊಚ್ಚಲ ಕೆಲಸ ಹೀಗೆ ಪಿತೃಕಾರ್ಯವಾಯಿತು. ಊಟ ಮುಗಿಸಿ ಬಂದ ನಮ್ಮನೆಯವರಿಗೆ ಪರಮ ಸಮಾಧಾನ. "ಇದನ್ನೇ ಮುಂದುವರಿಸು. ಇದ್ರಲ್ಲಿ ಒಡಿಯದು ಕಾಯಿ ಮಾತ್ರ, ಅದೂ ಮೊದಲೇ ಒಡೆದಿರ್ತು."

ಸೋರಿದ ಹೆಸರು

ಬಾಯ್ಲರಿಗೆ ತಾಮ್ರ ಬೇಕಿತ್ತು. ಶಿರಸಿಯ ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯ ಸಾವಕಾರರು ಬನವಾಸಿ ಕಡೆಯವರು. ಮಾತೂ ದೊಡ್ಡದು, ಮನಸ್ಸೂ ದೊಡ್ಡದು.

"ಬರ್ರಿ ಮೇಡಂ, ಕುಂದರ್ರಿ. ಏನ್ ಕೊಡ್ಲಿ?"

ಮೇಲೆ ಕೆಳಗೆ ಒಂದೇ ಅಗಲ ಇರುವ, ದಪ್ಪ ತಗಡಿನ ತಾಮ್ರದ ಪಾತ್ರೆ ಬೇಕೆಂದೆ. ಅವರು ಒಂದೊಂದೇ ಇಳಿಸಿದರು, ನಾನು ಒಂದೊಂದನ್ನೇ ಬೆರಳಲ್ಲಿ ಬಡಿದು, ಕಿವಿಗೆ ಹಿಡಿದು, ಅಳತೆ ಕಡ್ಡಿ ಹಾಕಿ ನೋಡಿದೆ. ಕೊನೆಗೆ ಒಂದು ಪಾತ್ರೆ ಒಪ್ಪಿಗೆಯಾಯಿತು. ನಾನು ಕೊಳವೆಗೆ ತಕ್ಕ ಹಿತ್ತಾಳೆ ಕಡ್ಡಿ ಆರಿಸುತ್ತಿದ್ದಾಗ ಅವರು ಆಚೆಯಿಂದ ಕೇಳಿದರು.

"ಯಜಮಾನ್ರ ಹೆಸರೇನ್ರಿ?"

ಬಿಲ್ಲಿಗಿರಬೇಕೆಂದು ತಲೆ ಎತ್ತದೆ ಹೇಳಿದೆ.

"ನಿಮ್ದೂ?"

ಅದನ್ನೂ ಹೇಳಿದೆ. ಆಮೇಲೆ ಕಿರ್‌ ಎಂದು ಸದ್ದು ಕೇಳಿತು. ತಿರುಗಿ ನೋಡುವಷ್ಟರಲ್ಲಿ ಸಾವಕಾರರು ಹೆಸರು ಕೊರೆಯುವ ಸೂಜಿಯಲ್ಲಿ ಪಾತ್ರೆಯ ಹೊಟ್ಟೆಯ ಮೇಲೆ ನಮ್ಮಿಬ್ಬರ ಹೆಸರನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆದು ಮುಗಿಸಿದ್ದರು. ಸುತ್ತ ಒಂದು ಹೂಬಳ್ಳಿ ಬೇರೆ.

"ಅಯ್ಯೋ, ಹೆಸರು ಯಾಕೆ ಹಾಕಿದ್ರಿ?"

"ಹೆಸರಿಲ್ದ ಪಾತ್ರಿ ಹೆಂಗ ಕೊಡೂದ್ರಿ? ನಾಳೆ ಯಾರರ ಮದುವಿಗೆ ಒಯ್ದ್ರ ಅದಲುಬದಲು ಆಗಬಾರದಲ್ರಿ."

ಇದು ಮದುವೆಗೆ ಹೋಗುವ ಪಾತ್ರೆಯಲ್ಲ ಎಂದು ವಿವರಿಸುತ್ತ ಕೂತರೆ ಸಿದ್ದಾಪುರದ ಬಸ್ಸು ತಪ್ಪುತ್ತಿತ್ತು. ತಂದೆ. ಮುಚ್ಚಳ ಬೆಸೆದೆ, ಕೊಳವೆ ಕೂರಿಸಿದೆ. ಬೆಂಕಿ ಹಚ್ಚುವ ಮೊದಲು ಬಾಯ್ಲರಿಗೆ ತಣ್ಣೀರಿನ ಪರೀಕ್ಷೆ ಮಾಡಬೇಕು. ಒಳಗೆ ಪೂರ್ತಿ ನೀರು ತುಂಬಿ, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಒತ್ತಿದರೆ ದುರ್ಬಲ ಜಾಗ ಇದ್ದಲ್ಲಿ ನೀರು ಜಿನುಗುತ್ತದೆ, ಅಪಾಯವಿಲ್ಲ. ಅಪಾಯವಿಲ್ಲವೆಂದು ಹೇಳಿದ ಮೇಲೂ ನಮ್ಮನೆಯವರು ಬಾಗಿಲ ಹಿಂದೆ ನಿಂತೇ ಪಂಪು ಒತ್ತಿದರು.

ಒತ್ತಡ ಏರಿತು. ನಾನು ಮಾಡಿದ ಬೆಸುಗೆಗಳು ಎಲ್ಲೂ ಸೋರಲಿಲ್ಲ. ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ಕೊರೆದ ಅಕ್ಷರಗಳಿಂದ ಸಣ್ಣ ಸಣ್ಣ ಹನಿ ಹೊರಟವು. ನನ್ನ ಹೆಸರು ಒಣಗಿಕೊಂಡೇ ಇತ್ತು. ಸೋರಿದ್ದು ಅವರ ಹೆಸರು.

"ನೋಡಿ, ಸ್ವಲ್ಪ ಒತ್ತಡ ಬಂದದ್ದೇ ನಿಮ್ಮ ಹೆಸರಿಗೆ ಬೆವರು ಬಂತು!" ಅಂದೆ. ಬಾಗಿಲ ಹಿಂದಿನಿಂದ ಉತ್ತರ ಬಂತು: "ಹೆಸರಿಗೊಂದೇ ಅಲ್ಲ."

ಆ ಹೆಸರಿನ ಮೇಲೆ ತಾಮ್ರದ ತೇಪೆ ಹಾಕಿ ಬೆಸೆದೆ. ಬಾಯ್ಲರ್ ಗಟ್ಟಿಯಾಯಿತು. ಈಗ ಅದರ ಮೇಲೆ ಹೂಬಳ್ಳಿಯೊಳಗೆ ನಾನೊಬ್ಬಳೇ ಇದ್ದೇನೆ.

ಗದ್ದೆಯ ಬದುವಿನ ಮೇಲೆ

ಇಷ್ಟರಲ್ಲಿ ಪಕ್ಕದ ಮನೆ ಅಕ್ಕ ತಿಥಿಯೂಟಕ್ಕೆ ಬಂದವರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಸಂತೆಗೆ ಹೋದರೂ ಒಂದೇ ಪ್ರಶ್ನೆ, ಬಸ್‌ಸ್ಟ್ಯಾಂಡಿಗೆ ಹೋದರೂ ಒಂದೇ ಪ್ರಶ್ನೆ: "ಅಕ್ಕೋರೆ, ಎಂಜಿನ್ನು ಎಲ್ಲಿಗೆ ಬಂತು?" ಮೊದಲೆಲ್ಲ ಇದೇ ಧಾಟಿಯಲ್ಲಿ ರೈಲು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಎರಡೂ ಕಲಸಿಹೋಗಲು ಹೆಚ್ಚು ದಿನ ಬೇಕಾಗಲಿಲ್ಲ.

ಒಂದು ಮಧ್ಯಾಹ್ನ ಬಿಳಗಿ ಕಡೆಯ ರೈತರೊಬ್ಬರು ಮನೆಗೆ ಬಂದರು. ಇಸ್ತ್ರಿ ಅಂಗಿ, ಹೆಗಲ ಮೇಲೆ ಟವೆಲು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಜಗಲಿಯಲ್ಲಿ ಕೂತರು. ಬೆಲ್ಲ ನೀರು ಕುಡಿದರು, ಚಾ ಕುಡಿದರು, ಎಲೆಯಡಿಕೆಯ ಕವಳ ಹಾಕಿದರು. ಮಳೆಯ ವಿಷಯ, ಮಂಗನ ಕಾಟದ ವಿಷಯ ಎಲ್ಲ ಆಯಿತು. ನಮ್ಮ ಕಡೆ ಬಂದ ಕೆಲಸವನ್ನು ಬಂದ ಕೂಡಲೆ ಹೇಳುವುದು ಮರ್ಯಾದೆಯಲ್ಲ. ಏಳುವಾಗ ಚಪ್ಪಲಿ ಮೆಟ್ಟುತ್ತ ಹೇಳಬೇಕು.

ಅವರು ಚಪ್ಪಲಿ ಮೆಟ್ಟುತ್ತ, "ಒಂದು ವಿಷ್ಯ ಕೇಳ್ಬೇಕಿತ್ತು ಅಕ್ಕೋರೆ. ಎಂಜಿನ್ನು ಇಲ್ಲೇ ತಯಾರಾಗ್ತದೆ ಅಂದ್ರು. ಲೈನು ಯಾವ ಬದಿಗೆ ಹೋಗ್ತದೆ?" ಅಂದರು.

"ಯಾವ ಲೈನು?"

"ರೈಲಿಂದು. ನಮ್ಮ ಗದ್ದೆ ರಸ್ತೆ ಬದಿಗೇ ಉಂಟು. ಅದನ್ನ ಹೊಡ್ಕೊಂಡು ಹೋದ್ರೆ ನಾವು ಎಂತ ಮಾಡ್ಬೇಕು?" ಮುಖದಲ್ಲಿ ನಿಜವಾದ ಚಿಂತೆಯಿತ್ತು. ರಾತ್ರಿ ನಿದ್ದೆ ಮಾಡಿಲ್ಲದ ಕಣ್ಣು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರನ್ನು ಕಟ್ಟಿಗೆ ಕೋಣೆಗೆ ಕರೆದುಕೊಂಡು ಹೋದೆ. ಮೇಜಿನ ಮೇಲೆ ಎಂಜಿನ್ನು ಕೂತಿತ್ತು. ಬಾಯ್ಲರ್ ಸೇರಿದರೂ ಒಂದು ಚೀನಿಕಾಯಿ, ಅಂದರೆ ಸಿಹಿಗುಂಬಳದಷ್ಟು. ಅವರು ಸುತ್ತ ನೋಡಿದರು, ಬಗ್ಗಿ ಮೇಜಿನ ಕೆಳಗೂ ನೋಡಿದರು, ಬೇರೆ ಎಲ್ಲಾದರೂ ದೊಡ್ಡದು ಇದೆಯೇ ಎಂದು.

"ಇದೇ ಎಂಜಿನ್ನಾ?"

"ಇದೇ."

ಒಂದು ದೊಡ್ಡ ಉಸಿರು ಬಿಟ್ಟರು. ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬಹಳ ಉದಾರವಾಗಿ, "ಇಷ್ಟೇ ಆದ್ರೆ ನಮ್ಮ ಗದ್ದೆ ಬದು ಮೇಲೇ ಹೋಗ್ಲಿ ಅಕ್ಕೋರೆ, ಅಡ್ಡಿಲ್ಲ" ಅಂದರು.

ಆಯುಧ ಪೂಜೆ

ನವರಾತ್ರಿಯ ಹೊತ್ತಿಗೆ ಎಲ್ಲ ಜೋಡಣೆ ಮುಗಿದಿತ್ತು. ದಸರಾ ರಜೆ ಕಳೆದು ಶಾಲೆ ಶುರುವಾದ ವಾರವೇ ಕಾರ್ಯಕ್ರಮ ಎಂದು ಹೆಡ್‌ಮಾಸ್ತರರು ನಿಶ್ಚಯಿಸಿಯೂ ಬಿಟ್ಟಿದ್ದರು. ಒಮ್ಮೆ ಬೆಂಕಿ ಹಚ್ಚಿ ನೋಡಿಬಿಡೋಣ ಎಂದು ನನ್ನ ಕೈ ತುರಿಸುತ್ತಿತ್ತು. ನಮ್ಮನೆಯವರು ಬಿಡಲಿಲ್ಲ. "ಪೂಜೆ ಆಗದೇ ಹೊಸ ಮಷಿನ್ ಶುರು ಮಾಡದು ಬೇಡ." ಇಷ್ಟು ದಿನ ಬಾಗಿಲ ಹಿಂದೆ ನಿಂತವರು ಅವರು. ಅವರದೂ ಒಂದು ಪಾಲು ಇರಲಿ ಎಂದು ಒಪ್ಪಿದೆ.

ಅವರು ಮಾಡಿದ ಪೂಜೆಯನ್ನು ನೀವು ನೋಡಬೇಕಿತ್ತು. ಸ್ಕೂಟರು, ಮಿಕ್ಸಿ, ತರಕಾರಿ ಹೆಚ್ಚುವ ಮೆಟ್ಟುಗತ್ತಿ, ಲೇತು, ನಡುವೆ ಎಂಜಿನ್ನು. ಎಂಜಿನ್ನಿನ ಎಲ್ಲ ಅಂಗಗಳಿಗೂ ಗಂಧ, ಗಂಧದ ಮೇಲೆ ಕುಂಕುಮ, ಮೇಲಿನಿಂದ ಅಕ್ಷತೆ. ಪೂಜೆಗೆ ಇಟ್ಟದ್ದನ್ನು ಮಾರನೆ ದಿನ ಇಳಿಸುವವರೆಗೆ ಮುಟ್ಟುವಂತಿಲ್ಲ. ಗಂಧ ಚೆನ್ನಾಗಿ ಒಣಗಿತು.

ವಿಜಯದಶಮಿಯ ಬೆಳಗ್ಗೆ ಎಂಜಿನ್ನನ್ನು ಹಿತ್ತಿಲಿಗೆ ತಂದೆ. ಬಟ್ಟೆಯಲ್ಲಿ ಒರೆಸಿದೆ. ನೀರು ತುಂಬಿ ಸ್ಪಿರಿಟ್ ದೀಪ ಹಚ್ಚಿದೆ. ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಏರಿತು. ಉಗಿಯ ಕೊಳವೆಯ ಕೀಲಿ ತಿರುಗಿಸಿದೆ. ಚಕ್ರ ಅಲ್ಲಾಡಲಿಲ್ಲ. ಮುಳ್ಳು ಏರುತ್ತಲೇ ಇತ್ತು. ಒತ್ತಡ ಮಿತಿಮೀರಿದರೆ ಉಗಿಯನ್ನು ತಾನಾಗಿ ಹೊರಬಿಡಲೆಂದು ಬಾಯ್ಲರಿನ ನೆತ್ತಿಗೆ ಸೇಫ್ಟಿ ವಾಲ್ವ್ ಇಟ್ಟಿದ್ದೆ. ಮುಳ್ಳು ಆ ಮಿತಿ ದಾಟಿತು. ವಾಲ್ವ್ ಬಾಯಿ ಬಿಡಲಿಲ್ಲ.

ಪ್ರಯೋಗಶಾಲೆಯಲ್ಲಿ ಗಾಬರಿಯಾಗಬಾರದು ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಕೋಲಿನಿಂದ ದೀಪವನ್ನು ದೂರ ತಳ್ಳಿ, ನಮ್ಮನೆಯವರ ಕೈ ಹಿಡಿದು ಎಳೆದುಕೊಂಡು ಓಡಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತುಬಿಟ್ಟೆ. ಅವರು ರಾಮರಕ್ಷಾ ಸ್ತೋತ್ರ ಶುರುಮಾಡಿದರು. ನಾನೂ ದನಿಗೂಡಿಸಿದೆ, ಸುಳ್ಳು ಯಾಕೆ ಹೇಳಲಿ.

ಕಂಪೌಂಡಿನ ಮೇಲೆ ಪಕ್ಕದ ಮನೆ ಅಕ್ಕನ ತಲೆ ಕಂಡಿತು. "ಎಂತ ಮಾಡ್ತಾ ಇದ್ದಿ ಇಬ್ರೂ ಕೂಡಿ? ಈ ಪ್ರಾಯದಲ್ಲಿ ಕಣ್ಣಾಮುಚ್ಚಾಲೆಯನೇ?"

ಏನೂ ಒಡೆಯಲಿಲ್ಲ. ಮುಳ್ಳು ಇಳಿದು, ಬಾಯ್ಲರ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ ನೋಡಿದೆ. ಸೇಫ್ಟಿ ವಾಲ್ವಿನ ಸಂದಿಯಲ್ಲಿ ಗಂಧ ಸಿಮೆಂಟಿನಂತೆ ಕೂತಿತ್ತು. ಉಗಿಯ ಕೊಳವೆಯ ಬಾಯಿಗೆ ಅಡ್ಡವಾಗಿ ಒಂದು ಅಕ್ಷತೆ ಕಾಳು. ಒಂದೇ ಕಾಳು, ಉಗಿ ಕುಡಿದು ಉಬ್ಬಿ ಕೊಳವೆಯನ್ನು ಬಿರಡೆಯ ಹಾಗೆ ಮುಚ್ಚಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ನಮ್ಮನೆಯವರು ಆ ಕಾಳನ್ನು ಬೆರಳ ತುದಿಯಲ್ಲಿ ತೆಗೆದು, ಹಿಚುಕಿ ನೋಡಿ, ಬಹಳ ಗಂಭೀರವಾಗಿ ಹೇಳಿದರು: "ಅನ್ನ ಆಯ್ದಲೇ! ಎಂಜಿನ್ ಆಗದಿದ್ರೂ ಕುಕ್ಕರ್ ಆತು."

ಸಿಟ್ಟು ಎಲ್ಲಿ ಹೋಯಿತೋ. ಒಗೆಯುವ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಉದ್ಘಾಟನೆ

ಆಮೇಲೆ ವಾಲ್ವನ್ನು ತೊಳೆದು ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಅದು ಇಟ್ಟ ಮಿತಿಗೆ ಸರಿಯಾಗಿ ಬಾಯಿ ಬಿಡುತ್ತಿತ್ತು, ಆ ಭಯ ಹೋಯಿತು. ಚಕ್ರದ್ದೇ ಚಿಂತೆ. ಒಮ್ಮೆ ನಾಲ್ಕು ಸುತ್ತು ತಿರುಗಿದರೆ ಇನ್ನೊಮ್ಮೆ ಮುನಿಸಿಕೊಂಡು ನಿಲ್ಲುತ್ತಿತ್ತು. ನೀರಿನಲ್ಲಿ ಒಂದು ಕಸ ಇದ್ದರೂ ಸಾಕು, ನಿಂತೇ ಹೋಗುತ್ತಿತ್ತು. "ಶಾಲೆಗೆ ಒಯ್ಯುವ ನೀರು ನಿಮ್ಮ ಜವಾಬ್ದಾರಿ. ನೀರು ಬಿಟ್ಟರೆ ಅದರಲ್ಲಿ ಇನ್ನೇನೂ ಇರಕೂಡದು" ಎಂದು ನಮ್ಮನೆಯವರಿಗೆ ಕಟ್ಟಪ್ಪಣೆ ಮಾಡಿದೆ. ಅಕ್ಷತೆಯ ಪಾಪ ಪರಿಹಾರವಾಗಲೆಂದೋ ಏನೋ, ಅವರು ನೀರು ಕುದಿಸಿ, ಆರಿಸಿ, ಹೊಸ ಪಂಚೆಯಲ್ಲಿ ಸೋಸಿ ಸೋಸಿ ಒಂದು ತಾಮ್ರದ ಚೆಂಬಿನಲ್ಲಿ ಮುಚ್ಚಿ ತಂದರು.

ಸಭಾಂಗಣ ತುಂಬಿತ್ತು. ಮಕ್ಕಳನ್ನು ದೂರದಲ್ಲಿ, ಅಡ್ಡ ಇಟ್ಟ ಬೆಂಚುಗಳ ಆಚೆ ಕೂರಿಸಿದ್ದೆ. ಬಿಳಗಿಯ ರೈತರೂ ಬಂದಿದ್ದರು. ಇಲಾಖೆಯ ಅಧಿಕಾರಿಗಳೊಬ್ಬರು ಮುಖ್ಯ ಅತಿಥಿ, ಬಿಳಿ ಅಂಗಿಯ ಸಜ್ಜನರು. ಉದ್ಘಾಟನೆಯಿಲ್ಲದೆ ನಮ್ಮಲ್ಲಿ ಯಾವ ಕಾರ್ಯಕ್ರಮವೂ ಇಲ್ಲ. ದೀಪ ಹಚ್ಚುವ ಬದಲು ಅತಿಥಿಗಳು ಬಾಯ್ಲರಿಗೆ ನೀರೆರೆದು ಉದ್ಘಾಟಿಸಲಿ ಎಂದು ಹೆಡ್‌ಮಾಸ್ತರರಿಗೆ ಹೊಳೆದಿತ್ತು.

ನಾನು ಬಗ್ಗಿ ಸ್ಪಿರಿಟ್ ದೀಪದ ಬತ್ತಿ ಸರಿಮಾಡುತ್ತಿದ್ದೆ. ಮೇಲೆ ಅತಿಥಿಗಳು ಮೇಜಿನ ಮೇಲಿದ್ದ ಚೆಂಬು ಎತ್ತಿ, ಬಾಯ್ಲರಿನ ಬಾಯಿಗಿಟ್ಟ ಆಲಿಕೆಯೊಳಗೆ ಭಕ್ತಿಯಿಂದ ಎರೆದರು. ಚಪ್ಪಾಳೆಯಾಯಿತು. ನಾನು ಎದ್ದು ನೀರೆರೆಯುವ ಬಾಯಿಯ ಬಿರಡೆ ಬಿಗಿದು ದೀಪ ಹಚ್ಚಿದೆ. ಅತಿಥಿಗಳು ಹೋಗಿ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿದ್ದ ಅಂಥದ್ದೇ ಇನ್ನೊಂದು ಚೆಂಬಿನಿಂದ ಲೋಟಕ್ಕೆ ಸುರಿದುಕೊಂಡು ಕುಡಿದರು. ಅವರಿಗೆಂದೇ ಶಾಲೆಯ ಅಡುಗೆಯಾಕೆ ಏಲಕ್ಕಿ ಹಾಕಿ, ಧಾರಾಳ ಸಕ್ಕರೆ ಹಾಕಿ ಲಿಂಬು ಪಾನಕ ಮಾಡಿಟ್ಟಿದ್ದಳು.

ಒತ್ತಡ ಏರಲು ಹೊತ್ತು ಹಿಡಿಯುತ್ತದೆ. ನನ್ನ ಗಂಟಲು ಒಣಗಿತ್ತು. ಆ ಚೆಂಬಿನಿಂದ ನಾನೂ ಒಂದು ಲೋಟ ಪಾನಕ ಬಗ್ಗಿಸಿ ಬಾಯಿಗಿಟ್ಟೆ.

ನೀರು. ಕುದಿಸಿ ಆರಿಸಿದ, ಸೋಸಿ ಸೋಸಿ ತಂದ, ಒಂದು ಕಸವೂ ಇಲ್ಲದ ಶುದ್ಧ ನೀರು.

ಮೆಲ್ಲಗೆ ಬಾಯ್ಲರಿನ ಕಡೆ ತಿರುಗಿ ನೋಡಿದೆ. ಸಭಾಂಗಣದ ತುಂಬ ಏಲಕ್ಕಿಯ ಪರಿಮಳ ಏಳುತ್ತಿತ್ತು. ಮಕ್ಕಳು ಮೂಗು ಅರಳಿಸುತ್ತಿದ್ದರು. ಮೊದಲ ಸಾಲಿನಲ್ಲಿದ್ದ ನಮ್ಮನೆಯವರು ನನ್ನ ಮುಖ ನೋಡಿದರು, ಚೆಂಬು ನೋಡಿದರು, ಅವರಿಗೂ ಗೊತ್ತಾಯಿತು. ಒಂದು ಅಕ್ಷತೆ ಕಾಳಿಗೆ ನಿಂತ ಎಂಜಿನ್ನು ಇದು. ಈಗ ಅದರ ಹೊಟ್ಟೆಯಲ್ಲಿ ಸಕ್ಕರೆ, ಲಿಂಬೆ, ಏಲಕ್ಕಿ ಎಲ್ಲ ಇದೆ. ಮೈಕಿನಲ್ಲಿ ಕೊಟ್ಟ ಮಾತು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಿಲ್ಲಿಸೋಣವೆಂದರೆ ಅತಿಥಿಗಳ ಮರ್ಯಾದೆಯ ಪ್ರಶ್ನೆ. ಸೇಫ್ಟಿ ವಾಲ್ವಿನ ಮೇಲೆ ಒಂದು ಕಣ್ಣಿಟ್ಟು, ದೇವರ ಮೇಲೆ ಭಾರ ಹಾಕಿ ಕೀಲಿ ತಿರುಗಿಸಿದೆ.

ಬುಸ್ ಎಂದಿತು. ಒಂದಿಷ್ಟು ನೊರೆ ಉಗುಳಿತು. ಚಕ್ರ ಅರ್ಧ ಸುತ್ತು ಹೋಗಿ ನಿಂತಿತು. ನಾನು ಬೆರಳಿನಿಂದ ಮೆಲ್ಲಗೆ ಒಂದು ನೂಕು ಕೊಟ್ಟೆ. ತಿರುಗಿತು. ಇನ್ನೊಂದು ಸುತ್ತು. ಮತ್ತೊಂದು. ಆಮೇಲೆ ಚಕ್ರದ ಕಡ್ಡಿಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ, ಮನೆಯಲ್ಲಿ ಎಂದೂ ತಿರುಗದ ಹಾಗೆ ತಿರುಗಿತು. ಬಾಯ್ಲರಿಗೆ ಜೋಡಿಸಿದ್ದ ಸೀಟಿ ಎಳೆದೆ, ಕೂಗಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕಿರುಚಿದರು. ಬಿಳಗಿಯ ರೈತರು ಟವೆಲು ಬೀಸಿದರು.

"ತಿರುಗುತ್ತದೆ" ಅಂದೆ ಮೈಕಿನಲ್ಲಿ. ಅಷ್ಟೇ ಹೇಳಲಾದದ್ದು. ಈ ಸಲ ಅಳುವನ್ನು ತಡೆಯಲು ಹೋಗಲಿಲ್ಲ, ಮನಸಾರೆ ಅತ್ತೆ. ಎದೆಯ ಮೇಲಿಂದ ಹಂಡೆ ಇಳಿಸಿದಷ್ಟು ಹಗುರವಾಯಿತು. ಆಮೇಲೆ ಮನೆಗೆ ಬಂದು ಬಿರಡೆ ಬಿಚ್ಚಿ ತೊಳೆದು ಇಣುಕಿದಾಗ, ಲಿಂಬೆಹುಳಿಗೆ ಬಾಯ್ಲರಿನ ಒಳಮೈ ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

ಅತಿಥಿಗಳು ಹೊರಡುವಾಗ ಅವರ ಬಿಳಿ ಅಂಗಿಯ ಮೇಲೆ ಸೀಟಿಯಿಂದ ಸಿಡಿದ ಅಂಟು ಹನಿಗಳಿದ್ದವು. ಅದರ ಗೊಡವೆಯೇ ಅವರಿಗಿರಲಿಲ್ಲ. ಹೆಡ್‌ಮಾಸ್ತರರ ಕೈ ಹಿಡಿದು, "ಎಂಜಿನ್ ಬಹಳ ಚೆನ್ನಾಗಿದೆ. ಆದರೆ ಅದಕ್ಕಿಂತ ನಿಮ್ಮ ಪಾನಕ! ನನಗೆ ಶುಗರ್ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಎಲ್ಲಿ ಹೋದರೂ ಸಕ್ಕರೆ ಪಾಕ ಕುಡಿಸಿ ಕೊಲ್ಲುತ್ತಾರೆ. ಇಷ್ಟು ಹದವಾಗಿ, ಇಷ್ಟು ಹಗುರವಾಗಿ ಮಾಡಿದ ಪಾನಕ ನಾನು ಎಲ್ಲೂ ಕುಡಿದಿಲ್ಲ" ಅಂದರು.

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಮ್ಮನೆಯವರು ಮಾತ್ರ ಮುಂದೆ ಬಂದು, ವಿನಯದಿಂದ ಕೈಮುಗಿದು ಹೇಳಿದರು:

"ಮನೆಯಿಂದ್ಲೇ ನಾನೇ ಸೋಸಿ ತಂದಿದ್ದು, ಸರ್."